ಎದುರು ನಿಂತು ಕೇಳುವ ಹಾಡು

ಸಂಗೀತವನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಕೊನೆಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಎಮೋ ಹಾಡುಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಆ ಬ್ಯಾಂಡನ್ನು ಎದುರು ನಿಂತು ಕೇಳಿದರೆ ಹೆಚ್ಚಿಗೆ ಏನು ಸಿಗುತ್ತದೆ?" ವೇಳೆ ಮುಗಿದಿದ್ದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ಏನಿದು ಎಮೋ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 1980ರ ಸುಮಾರಿಗೆ ಹಾರ್ಡ್‌ಕೋರ್ ಪಂಕ್ ಎಂಬ ಅತಿವೇಗದ, ಅಬ್ಬರದ ಸಂಗೀತ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಅದರ ಪ್ರದರ್ಶನಗಳಲ್ಲಿ ನೂಕಾಟ, ಹೊಡೆದಾಟ ಹೆಚ್ಚಿತು. ಇದರಿಂದ ಬೇಸತ್ತ ಕೆಲವು ತರುಣರು 1985ರ ಬೇಸಿಗೆಯಲ್ಲಿ ಬೇರೆ ದಾರಿ ಹಿಡಿದರು. ಆ ವರ್ಷ ಹೊರಬಂದ ‘ರೈಟ್ಸ್ ಆಫ್ ಸ್ಪ್ರಿಂಗ್’ ಬ್ಯಾಂಡಿನ ಧ್ವನಿಮುದ್ರಿಕೆಯಲ್ಲಿ ಗಿಟಾರು, ಡ್ರಮ್ಮುಗಳ ಅಬ್ಬರ ಹಾಗೆಯೇ ಇತ್ತು. ಹಾಡಿನ ವಸ್ತು ಮಾತ್ರ ಅಗಲಿಕೆ, ಪಶ್ಚಾತ್ತಾಪ, ಕಳೆದುಹೋದ ಕಾಲ. ಗಾಯಕ ಗೈ ಪಿಚಿಯೊಟ್ಟೊ ಅವರ ದನಿ ಹಾಡುತ್ತಲೇ ಬಿರಿಯುತ್ತಿತ್ತು. ‘ಎಮೋಷನಲ್’ ಎಂಬುದನ್ನು ಮೊಟಕುಗೊಳಿಸಿ ‘ಎಮೋ’ ಎಂಬ ಹೆಸರನ್ನು ಇಂಥ ಹಾಡುಗಳಿಗೆ ಅಂಟಿಸಿದರು. ಹಾಡುವವರಿಗೇ ಅದು ಹಿಡಿಸಲಿಲ್ಲ!

ಬಾಗಿಲಲ್ಲಿ ಒಂದು ಗುರುತು

ಇಂಥ ಬ್ಯಾಂಡುಗಳು ನುಡಿಸುತ್ತಿದ್ದ ಕ್ಲಬ್ಬುಗಳಲ್ಲಿ ಮದ್ಯ ಮಾರಾಟವಿತ್ತು. ಹಾಗಾಗಿ ನಿಮ್ಮ ವಯಸ್ಸಿನವರಿಗೆ ಬಾಗಿಲು ಮುಚ್ಚಿತ್ತು. 1980ರಲ್ಲಿ ವಾಷಿಂಗ್ಟನ್ನಿನ ‘ಟೀನ್ ಐಡಲ್ಸ್’ ಎಂಬ ಹುಡುಗರ ಬ್ಯಾಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಅಲ್ಲಿನ ಕ್ಲಬ್ಬಿನವರು ಅವರ ಮುಂಗೈ ಮೇಲೆ ‘ಎಕ್ಸ್’ ಎಂದು ಗುರುತು ಹಾಕಿ ಒಳಗೆ ಬಿಟ್ಟರು. ಗುರುತಿದ್ದವರಿಗೆ ಮದ್ಯ ಕೊಡಬಾರದು, ಹಾಡಿಗೆ ಅಡ್ಡಿಯಿಲ್ಲ. ಹುಡುಗರು ಈ ಉಪಾಯವನ್ನು ಊರಿಗೆ ತಂದರು. ಒಂದು ಗೀಟಿನಿಂದ ಎಷ್ಟೋ ಎಳೆಯರಿಗೆ ಬಾಗಿಲು ತೆರೆಯಿತು.

ಅದೇ ಬ್ಯಾಂಡಿನ ಇಯಾನ್ ಮೆಕೇ ಮತ್ತು ಗೆಳೆಯರು ಅದೇ ವರ್ಷ ‘ಡಿಸ್ಕಾರ್ಡ್’ ಎಂಬ ಸ್ವಂತ ಧ್ವನಿಮುದ್ರಿಕೆ ಸಂಸ್ಥೆ ಆರಂಭಿಸಿದರು. ಲಿಖಿತ ಕರಾರಿಲ್ಲ, ಲಾಭವನ್ನು ಬ್ಯಾಂಡಿನೊಡನೆ ಹಂಚಿಕೊಳ್ಳುವುದು. ‘ಸ್ವತಂತ್ರ ಬ್ಯಾಂಡ್’ ಎಂಬ ಮಾತಿನ ಅರ್ಥ ಇದೇ. 1987ರಲ್ಲಿ ಮೆಕೇ ‘ಫುಗಾಜಿ’ಯನ್ನು ಕಟ್ಟಿದರು, ಪಿಚಿಯೊಟ್ಟೊ ಕೂಡ ಬಂದು ಸೇರಿದರು. ಅವರ ಪ್ರದರ್ಶನಗಳಿಗೆ ಎಲ್ಲ ವಯಸ್ಸಿನವರಿಗೂ ಪ್ರವೇಶ. ಟಿಕೆಟ್ಟು ಸಾಮಾನ್ಯವಾಗಿ 5 ಡಾಲರ್. ಗುಂಪಿನಲ್ಲಿ ಯಾರಾದರೂ ಪಕ್ಕದವರನ್ನು ಗುದ್ದಿದರೆ ಹಾಡು ನಿಲ್ಲಿಸಿ ಎಚ್ಚರಿಸುತ್ತಿದ್ದರು. ಕೇಳದಿದ್ದರೆ ಹಣ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರು.

ಒಳಗೆ ನಡೆಯುವುದೇನು?

1980ರಲ್ಲಿ ವಾಷಿಂಗ್ಟನ್ನಿನ ಎಫ್ ಬೀದಿಯಲ್ಲಿ ತೆರೆದ ‘ನೈನ್ ಥರ್ಟಿ’ ಕ್ಲಬ್ಬು 1996ರಲ್ಲಿ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲಿಯವರೆಗೂ ಅದರೊಳಗೆ ಅವಕಾಶವಿದ್ದದ್ದು 199 ಮಂದಿಗೆ. ಇಂಥ ಕೋಣೆಯಲ್ಲಿ ಗಾಯಕ ನಿಮಗೆ ಕೆಲವೇ ಅಡಿ ದೂರ. ಅವನ ಕತ್ತಿನ ನರ ಉಬ್ಬುವುದೂ ಕಾಣುತ್ತದೆ.

ಇನ್ನು ಶಬ್ದದ ವಿಚಾರ. ಎಮೋ ಹಾಡು ಪಿಸುಮಾತಿನಿಂದ ಅಬ್ಬರಕ್ಕೆ ಏಕಾಏಕಿ ಜಿಗಿಯುತ್ತದೆ. ಧ್ವನಿಮುದ್ರಣದಲ್ಲೂ ನಮ್ಮ ಪ್ರಸಾರದಲ್ಲೂ ಈ ಏರಿಳಿತವನ್ನು ಯಂತ್ರದಿಂದ ತಗ್ಗಿಸುತ್ತೇವೆ: ಮೆಲುದನಿಯನ್ನು ಎತ್ತುತ್ತೇವೆ, ಗಟ್ಟಿದನಿಯನ್ನು ಒತ್ತುತ್ತೇವೆ. ದೊಡ್ಡ ಡ್ರಮ್ಮಿನ ತಗ್ಗಿನ ಕಂಪನಗಳನ್ನು ಮೊಬೈಲಿನ ಪುಟ್ಟ ಸ್ಪೀಕರು ಹೊರಡಿಸಲಾರದು. ಕೋಣೆಯಲ್ಲಿ ಅವು ಎದೆಗೇ ತಾಕುತ್ತವೆ. ಪಿಸುಮಾತಿನ ಹೊತ್ತಿಗೆ ಇಡೀ ಕೋಣೆ ಉಸಿರು ಬಿಗಿಹಿಡಿದದ್ದು ಕೂಡ ಹಾಡಿನ ಒಂದು ಭಾಗ.

ಎಚ್ಚರಿಕೆಯ ಮಾತೂ ಬೇಕು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕೇಳುವುದೇ ಮಿತಿ ಎಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿ ನೋಡಿ: 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ! ರಾಕ್ ಕಛೇರಿಗಳು ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಸ್ಪೀಕರಿನ ಮುಂದೆ ಮಾತ್ರ ನಿಲ್ಲಬೇಡಿ.

ಅಳಿಸಿದ ಟೇಪು

ಕೊನೆಗೆ ನನ್ನದೇ ಒಂದು ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಾವಗೀತೆಯ ಧ್ವನಿಮುದ್ರಣ ಮಾಡಿಸುತ್ತಿದ್ದೆ. ತಾಯಿಯನ್ನು ನೆನೆಯುವ ಸಾಲಿನಲ್ಲಿ ಹಾಡುತ್ತಿದ್ದ ಹುಡುಗನ ದನಿ ಒಡೆಯಿತು. "ಇನ್ನೊಮ್ಮೆ ಹಾಡಪ್ಪ" ಎಂದೆ. ಎರಡನೆಯ ಸಲ ಶ್ರುತಿ ಶುದ್ಧವಾಗಿತ್ತು, ಅದೇ ಪ್ರಸಾರವಾಯಿತು. ಮೊದಲನೆಯದನ್ನು ಅಳಿಸಿದೆ. ಇಷ್ಟು ವರ್ಷಗಳ ಮೇಲೂ ನನ್ನ ಕಿವಿಯಲ್ಲಿ ಉಳಿದಿರುವುದು ಆ ಮೊದಲನೆಯದೇ.

ಎದುರು ನಿಂತು ಕೇಳುವಾಗ "ಇನ್ನೊಮ್ಮೆ" ಎನ್ನುವವರು ಯಾರೂ ಇರುವುದಿಲ್ಲ. ದನಿ ಒಡೆದರೆ ಒಡೆದದ್ದೇ ಹಾಡು. ಕೇಳಿಸಿಕೊಳ್ಳಲು ಜನ ಅಲ್ಲೇ ಇರುತ್ತಾರೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಿಮ್ಮ ಕಾಲೇಜಿನ ವೇದಿಕೆಯಲ್ಲಿ ಗೆಳೆಯನೊಬ್ಬನ ದನಿ ನಡುಗಿದಾಗ ನಗುವ ಮುನ್ನ ಇದು ನೆನಪಿರಲಿ.