ಮಂಗನ ಕಾಯಿಲೆ – ಅಪರಾಧಿ ಯಾರು?

ಮನುಷ್ಯನನ್ನು ಪೀಡಿಸುವ ರೋಗಗಳೆಲ್ಲ ಮನುಷ್ಯನವೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅವುಗಳಲ್ಲಿ ಎಷ್ಟೋ ರೋಗಗಳ ತವರುಮನೆ ಬೇರೆ. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ಎಲ್ಲರಿಗೂ ತಿಳಿದಿರುವ ನಿದರ್ಶನ. ಪ್ರಾಣಿಗಳ ದೇಹದಲ್ಲಿ ಬಾಳುತ್ತಿರುವ ವೈರಸ್ಸು ಸಂದರ್ಭ ಒದಗಿದಾಗ ಮನುಷ್ಯನಿಗೆ ದಾಟಿಬರುತ್ತದೆ. ಹೀಗೆ ದಾಟಿಬರುವ ಬಗೆಯನ್ನು ಅರಿಯಲು ದೂರದ ದೇಶಗಳಿಗೆ ಹೋಗಬೇಕಾದುದಿಲ್ಲ. ನಮ್ಮ ಮಲೆನಾಡಿನಲ್ಲಿಯೇ ಮೊದಲು ಗುರುತಿಸಲ್ಪಟ್ಟು, ಇಲ್ಲಿನ ಕಾಡೊಂದರ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿಸಿದ ರೋಗವೊಂದುಂಟು. ವೈದ್ಯರು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಈ ಎರಡು ಹೆಸರುಗಳಲ್ಲಿ ಯಾವುದು ಹೆಚ್ಚು ನ್ಯಾಯವಾದುದು? ಇದನ್ನು ಸ್ವಲ್ಪ ವಿಚಾರ ಮಾಡೋಣ.

ಕಾಡಿನಲ್ಲಿ ಸತ್ತ ಮಂಗಗಳು

1957ನೆಯ ಇಸವಿಯ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಸಾಗರ ತಾಲ್ಲೂಕುಗಳ ಕಾಡುಗಳಲ್ಲಿ ಮಂಗಗಳು ಒಂದರ ಮೇಲೊಂದು ಸಾಯತೊಡಗಿದವು. ಊರುಗಳ ಸುತ್ತ ನಾವು ಕಾಣುವ ಕೋತಿ, ಕಪ್ಪು ಮೋರೆಯ ಮುಸುವ – ಎರಡು ಜಾತಿಗಳೂ ಸತ್ತವು. ಅದೇ ಕಾಲದಲ್ಲಿ ಕಾಡಂಚಿನ ಹಳ್ಳಿಗಳ ಜನ ವಿಚಿತ್ರವಾದ ಜ್ವರದಿಂದ ಹಾಸಿಗೆ ಹಿಡಿದರು. ಜ್ವರ ಇದ್ದಕ್ಕಿದ್ದಂತೆ ಏರುವುದು. ತಲೆ ಸಿಡಿಯುವಂತಹ ನೋವು. ಸೊಂಟ, ಕೈಕಾಲುಗಳ ಸ್ನಾಯುಗಳಲ್ಲಿ ಸಹಿಸಲಾರದ ಸೆಳೆತ. ಕೆಲವರಿಗೆ ಮೂಗು, ವಸಡು, ಕರುಳುಗಳಿಂದ ರಕ್ತಸ್ರಾವ. ಜ್ವರ ಬಿಟ್ಟಿತೆಂದು ನೆಮ್ಮದಿಯಿಂದಿದ್ದ ಕೆಲವರಲ್ಲಿ ಒಂದೆರಡು ವಾರಗಳ ಮೇಲೆ ಅದು ಮರುಕಳಿಸಿ ಮಿದುಳಿಗೂ ಬಾಧೆಯುಂಟಾಗುತ್ತಿದ್ದಿತು. ಮೊದಲಿಗೆ ಇದು ಟೈಫಾಯಿಡ್ ಬಗೆಯ ಜ್ವರವಿರಬಹುದೆಂದು ಊಹಿಸಲಾಗಿತ್ತು. ಆದರೆ ಟೈಫಾಯಿಡ್ಡಿಗೂ ಮಂಗಗಳ ಸಾವಿಗೂ ಏನು ಸಂಬಂಧ?

ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. 1952ರಲ್ಲಿ ಸ್ಥಾಪಿತವಾಗಿದ್ದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಆಗ ಅದರ ನಿರ್ದೇಶಕರಾಗಿದ್ದ ಡಾ. ಟೆಲ್‌ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರಿಗೆ ಮೊದಲು ಬಂದ ಸಂಶಯ ಭಯಂಕರವಾದುದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಗುಂಪಾಗಿ ಸತ್ತರೆ ಹಳದಿ ಜ್ವರ ಬಂದಿತೆಂದೇ ಅರ್ಥ. ಆ ಜ್ವರ ಏಷ್ಯಾ ಖಂಡದಲ್ಲಿ ಎಂದೂ ನೆಲೆಸಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಹಳದಿ ಜ್ವರವೇ ಆಗಿದ್ದಲ್ಲಿ ದೇಶಕ್ಕೆ ದೇಶವೇ ಅಪಾಯಕ್ಕೊಳಗಾಗುತ್ತಿದ್ದಿತು. ಸಂಶೋಧಕರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಮಾದರಿಗಳನ್ನು ತೆಗೆದು ಎಳೆಯ ಇಲಿಮರಿಗಳಿಗೆ ಚುಚ್ಚಿ, ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯದ ಕಾಡುಗಳಲ್ಲಿ ಮಿದುಳು ಜ್ವರವನ್ನುಂಟುಮಾಡುವ ವೈರಸ್ಸಿಗೆ ಹತ್ತಿರದ ನಂಟುಳ್ಳ, ಆದರೆ ಅದುವರೆಗೆ ವಿಜ್ಞಾನಕ್ಕೆ ಪರಿಚಯವೇ ಇಲ್ಲದ ಹೊಸ ವೈರಸ್ಸು ಅದು. ಸತ್ತ ಮಂಗಗಳು ಸಿಕ್ಕಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರೇ ಅದಕ್ಕೆ ನಿಂತಿತು.

ಬೆಳಕಿಗೂ ಸಿಕ್ಕದ ವಸ್ತು

ಭೌತವಿಜ್ಞಾನದ ಪಾಠ ಹೇಳುವ ನಮಗೆ ಈ ವೈರಸ್ಸಿನ ಗಾತ್ರವೇ ಒಂದು ಸೊಗಸಾದ ಉದಾಹರಣೆ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ವೈರಸ್ಸಿನ ಗೋಳದ ಅಡ್ಡಳತೆ ಸುಮಾರು 45 ನ್ಯಾನೊಮೀಟರ್. ಎಂದರೆ ಒಂದು ಮಿಲಿಮೀಟರ್ ಉದ್ದದ ಗೆರೆಯ ಮೇಲೆ 20 ಸಾವಿರಕ್ಕೂ ಹೆಚ್ಚು ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವಾದರೋ 400ರಿಂದ 700 ನ್ಯಾನೊಮೀಟರ್. ಕೆರೆಯಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ದೊಡ್ಡ ಅಲೆ ಲೆಕ್ಕಿಸದೆ ದಾಟಿಹೋಗುವಂತೆ, ಬೆಳಕಿನ ಅಲೆ ಈ ಕಣವನ್ನು ದಾಟಿಹೋಗುತ್ತದೆ. ಆದುದರಿಂದ ಕಾಲೇಜಿನ ಸೂಕ್ಷ್ಮದರ್ಶಕದ ಮಸೂರಗಳು ಎಷ್ಟೇ ಉತ್ತಮವಾಗಿದ್ದರೂ ಅದು ಕಾಣದು. ಅಲೆಯುದ್ದ ತೀರ ಕಿರಿದಾದ ಎಲೆಕ್ಟ್ರಾನುಗಳ ಸೂಕ್ಷ್ಮದರ್ಶಕದಿಂದ ಮಾತ್ರ ಅದರ ಚಿತ್ರ ಪಡೆಯಬಹುದು. ಆ ಗೋಳದೊಳಗೆ ಇರುವುದು ಸುಮಾರು 11 ಸಾವಿರ ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಂಬ ಒಂದೇ ಎಳೆ. ಇಷ್ಟು ಚಿಕ್ಕ ಬರಹ ಆಳೆತ್ತರದ ರೈತನನ್ನು ನೆಲಕ್ಕೆ ಕೆಡಹಬಲ್ಲುದು!

ಉಣುಗಿನ ಬಾಳು

ಮಂಗನಿಂದ ಮನುಷ್ಯನಿಗೆ ಇದು ದಾಟಿದ್ದು ಹೇಗೆ? ಸೊಳ್ಳೆಗಳ ಮೇಲೆ ಬಿದ್ದಿದ್ದ ಸಂಶಯ ಬೇಗನೆ ತೊಲಗಿತು. ಕಾಡಿನ ನೆಲದಿಂದಲೂ ಮಂಗಗಳ ಮೈಯಿಂದಲೂ ಆಯ್ದು ತಂದ ಉಣುಗುಗಳಲ್ಲಿ ವೈರಸ್ಸು ಸಿಕ್ಕಿತು. ದನಗಳ ಕಿವಿ, ಕೆಚ್ಚಲುಗಳಿಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗನ್ನು ಹಳ್ಳಿಯ ವಾಚಕರೆಲ್ಲರೂ ಬಲ್ಲರು. ಅವುಗಳಲ್ಲಿ ಹೆಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯೇ ಈ ರೋಗದ ಮುಖ್ಯ ವಾಹಕ.

ಉಣುಗಿನ ಜೀವನದಲ್ಲಿ ಮೊಟ್ಟೆಯಿಂದ ಹೊರಬಿದ್ದ ಮೇಲೆ ಮೂರು ಘಟ್ಟಗಳಿವೆ: ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣುಗು, ಬಲಿತ ಉಣುಗು. ಪ್ರತಿಯೊಂದು ಘಟ್ಟದಲ್ಲಿಯೂ ಅದು ಒಮ್ಮೆ ಮಾತ್ರ ಒಂದು ಪ್ರಾಣಿಯ ರಕ್ತವನ್ನು ಹೊಟ್ಟೆ ತುಂಬ ಹೀರಿ, ಕೆಳಗುದುರಿ, ಮುಂದಿನ ಘಟ್ಟಕ್ಕೆ ಏರುತ್ತದೆ. ಮರಿಯಾಗಿದ್ದಾಗ ಸೋಂಕುಳ್ಳ ರಕ್ತ ಕುಡಿದರೆ ವೈರಸ್ಸು ಮುಂದಿನ ಘಟ್ಟಗಳಿಗೂ ಅದರೊಡನೆ ಸಾಗುತ್ತದೆ. ಉಣುಗಿಗೆ ರೆಕ್ಕೆಯಿಲ್ಲ, ನೆಗೆಯಲಾರದು. ತರಗೆಲೆಯ ತುದಿಯಲ್ಲಿ ಮುಂಗಾಲು ಚಾಚಿ ಕುಳಿತು, ಹಾದುಹೋಗುವ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಶಾಖವನ್ನೂ ಗ್ರಹಿಸಿ ಮೈಗೆ ಹತ್ತುತ್ತದೆ.

ಮಳೆಗಾಲ ಮುಗಿದ ಮೇಲೆ ಮರಿಗಳು ಹೆಚ್ಚುತ್ತವೆ. ಜನವರಿಯಿಂದ ಮೇ ತಿಂಗಳವರೆಗೆ ಎಳೆಯ ಉಣುಗುಗಳ ಕಾಲ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುವು ಇವೇ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಇವು ಕಚ್ಚಿದುದೇ ಎಷ್ಟೋ ವೇಳೆ ತಿಳಿಯುವುದಿಲ್ಲ. ಮಲೆನಾಡಿನ ರೈತ ಸೌದೆಗೆ, ಸೊಪ್ಪಿಗೆ, ಕೊಟ್ಟಿಗೆಗೆ ಹಾಸುವ ದರಗಿಗೆ ಕಾಡು ಹೊಗುವುದೂ ಈ ಒಣ ತಿಂಗಳುಗಳಲ್ಲಿಯೇ. ಉಣುಗಿನ ಪಂಚಾಂಗವೂ ರೈತನ ಪಂಚಾಂಗವೂ ಹೀಗೆ ಒಂದೇ ಪುಟದಲ್ಲಿ ಕೂಡುತ್ತವೆ.

ಮಂಗನ ಪಾತ್ರ

ಹಾಗಾದರೆ ಮಂಗನ ತಪ್ಪೇನು? ವೈರಸ್ಸು ವರ್ಷದಿಂದ ವರ್ಷಕ್ಕೆ ಉಳಿದುಬರುವುದು ಕಾಡಿನ ಇಲಿ, ಮೂಗಿಲಿಗಳಂತಹ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ. ಆ ಸಣ್ಣ ಪ್ರಾಣಿಗಳಿಗೆ ಅದರಿಂದ ಹೇಳಿಕೊಳ್ಳುವಂತಹ ಬಾಧೆಯಿಲ್ಲ. ಮಂಗನ ರಕ್ತವನ್ನು ಸೇರಿದಾಗಲಾದರೋ ಅದು ವಿಪರೀತವಾಗಿ ವೃದ್ಧಿಯಾಗುತ್ತದೆ. ಮಂಗ ನೆಲಕ್ಕುರುಳಿ ದೇಹ ತಣ್ಣಗಾದೊಡನೆ ಅದರ ಮೈಮೇಲಿದ್ದ ನೂರಾರು ಉಣುಗುಮರಿಗಳು ಸುತ್ತಲಿನ ತರಗೆಲೆಗಳಿಗೆ ಇಳಿಯುತ್ತವೆ. ಆ ಜಾಗ ಮುಂದೆ ಹಲವು ವಾರ ಅಪಾಯದ ಮಡುವಾಗಿ ಉಳಿಯುತ್ತದೆ. ಸತ್ತ ಮಂಗದ ಸುತ್ತ 50 ಅಡಿಯವರೆಗೆ ಕೀಟನಾಶಕ ಪುಡಿಯನ್ನು ಎರಚುವ ಕ್ರಮಕ್ಕೆ ಇದೇ ಕಾರಣ.

ಹೀಗೆ ಮಂಗ ರೋಗವನ್ನು ಹೆಚ್ಚಿಸುವುದು ನಿಜ. ಆದರೆ ಅದು ತನ್ನ ಪ್ರಾಣವನ್ನೇ ತೆರುತ್ತದೆ. ತಾನು ಸತ್ತು ನಮಗೆ ಎಚ್ಚರಿಕೆ ಕೊಡುತ್ತದೆ. ಮಂಗಗಳನ್ನು ಕೊಂದರೆ ರೋಗ ತೊಲಗೀತೆಂಬ ಭಾವನೆ ತಪ್ಪು. ಕೊಂದ ಮಂಗದ ಮೈಯಿಂದಲೂ ಉಣುಗುಗಳು ಇಳಿಯುತ್ತವೆ. ಇಲಿ, ಉಣುಗುಗಳ ನಡುವಿನ ಸುತ್ತು ಮೊದಲಿನಂತೆಯೇ ನಡೆದಿರುತ್ತದೆ.

ಹಕ್ಕಿಗಳ ಮೇಲಿನ ಆಪಾದನೆ

ಸೈಬೀರಿಯದ ವೈರಸ್ಸಿನೊಡನೆ ನಂಟು ತಿಳಿದೊಡನೆ ಇನ್ನೊಂದು ಪ್ರಶ್ನೆ ಎದ್ದಿತು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಸೋಂಕುಳ್ಳ ಉಣುಗುಗಳನ್ನು ಹೊತ್ತುತಂದಿರಬಹುದೆ? ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ನೇತೃತ್ವದಲ್ಲಿ, ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಆಪಾದನೆಗೆ ಸಾಕ್ಷ್ಯ ದೊರೆಯಲಿಲ್ಲ. ಆದರೆ ವಲಸೆಯ ಬಗ್ಗೆ ನಮ್ಮ ತಿಳುವಳಿಕೆ ಬಹಳ ಬೆಳೆಯಿತು. ಒಂದು ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಇನ್ನೊಂದರ ಉತ್ತರ ದೊರಕುವುದು ವಿಜ್ಞಾನದಲ್ಲಿ ಅಪರೂಪವಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಇದರ ಬಹು ಹತ್ತಿರದ ಸಂಬಂಧಿಯಾದ ವೈರಸ್ಸೊಂದು ಕಂಡುಬಂದಿತು.

ಮನುಷ್ಯನ ಪಾಲು

ಮಂಗನೂ ಅಲ್ಲ, ಹಕ್ಕಿಯೂ ಅಲ್ಲ, ಮತ್ತೆ ಯಾರು? ಕೊಲಂಬಿಯದಿಂದ ಬಂದು ಇಲ್ಲಿ ಕೆಲಸ ಮಾಡಿದ ಡಾ. ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮನುಷ್ಯನ ಕಡೆಗೇ ಬೆರಳು ತೋರಿದರು. ಕಾಡು ಕಡಿದು ಗದ್ದೆ, ತೋಟಗಳನ್ನು ಮಾಡಿದಾಗ ಅಂಚಿನಲ್ಲಿ ಪೊದೆಗಳು ಬೆಳೆಯುತ್ತವೆ. ಅಲ್ಲಿ ದನಗಳು ಮೇಯುತ್ತವೆ. ಬಲಿತ ಉಣುಗುಗಳಿಗೆ ದನದ ಮೈ ಹಬ್ಬದೂಟ. ಊಟ ಮುಗಿಸಿ ಉದುರಿದ ಹೆಣ್ಣು ಉಣುಗು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ದನಗಳು ವೈರಸ್ಸನ್ನು ಬೆಳೆಸುವುದಿಲ್ಲ. ವೈರಸ್ಸನ್ನು ಹೊರುವ ಉಣುಗುಗಳ ಸಂಖ್ಯೆಯನ್ನು ಬೆಳೆಸುತ್ತವೆ. ಹಿಂದೆ ಕಾಡಿನ ಒಳಗೆ ಮೌನವಾಗಿ ನಡೆಯುತ್ತಿದ್ದ ಸುತ್ತು ಹೀಗೆ ಮನೆಯ ಹಿತ್ತಲವರೆಗೆ ಹಿಗ್ಗುತ್ತದೆ.

ಮುಂದಿನ ಘಟನೆಗಳು ಈ ವಿಚಾರಕ್ಕೆ ಪುಷ್ಟಿಕೊಟ್ಟವು. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದ ಪ್ರದೇಶದಲ್ಲಿ ರೋಗ ಉಗ್ರವಾಗಿ ತಲೆದೋರಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರು ಕಾಯಿಲೆ ಬಿದ್ದರು. ಬಳಿಕ ಅದು ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಹಲವು ಮನೆಗಳಲ್ಲಿ ಸಾವು ಸಂಭವಿಸಿತು. ರೋಗ ತಗುಲಿದ ನೂರು ಮಂದಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಕಾಡಿಗೆ ಹೋಗದೆ ಒಲೆ ಹೊತ್ತಿಸಲಾರದವರು ಎಂಬುದನ್ನು ನಾವು ಮರೆಯಬಾರದು.

ಸರಪಳಿಯ ಕೊಂಡಿ

ಈ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ಬೇಗ ಆಸ್ಪತ್ರೆ ಸೇರಿ, ದೇಹದ ನೀರಿನಂಶವನ್ನು ಕಾಪಾಡಿಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟರೆ ಬಹುಮಂದಿ ಗುಣವಾಗುತ್ತಾರೆ. 1990ರಿಂದ ಬಳಕೆಗೆ ಬಂದ ಲಸಿಕೆ ಕೊಟ್ಟ ರಕ್ಷಣೆ ಪೂರ್ಣವಾಗಿರಲಿಲ್ಲ. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿತ್ತು. ಸತ್ತ್ವ ಸಾಲದೆಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಹೊಸ ಲಸಿಕೆಗಾಗಿ ಸಂಶೋಧನೆ ಸಾಗಿದೆ.

ಆದರೂ ಒಂದು ಅನುಕೂಲವುಂಟು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಸ್ಸಿನ ಪಾಲಿಗೆ ಮನುಷ್ಯ ಕುರುಡು ಬೀದಿ. ಆದುದರಿಂದ ಉಣುಗಿಗೂ ನಮ್ಮ ಚರ್ಮಕ್ಕೂ ನಡುವಣ ಒಂದೇ ಕೊಂಡಿಯನ್ನು ಕಡಿದರೆ ಸಾಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು ಉಣುಗುನಿರೋಧಕ ತೈಲ ಹಚ್ಚಿಕೊಳ್ಳುವುದು, ಬಂದೊಡನೆ ಬಿಸಿನೀರು ಸೋಪುಗಳಿಂದ ಮಿಂದು ಬಟ್ಟೆಗಳನ್ನು ಒಗೆಯುವುದು, ಮಂಗ ಸತ್ತ ಕಡೆಯಿಂದ ದರಗು ತರದಿರುವುದು, ಸತ್ತ ಮಂಗವನ್ನು ಮುಟ್ಟದೆ ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು – ಇವೆಲ್ಲ ಹೈಸ್ಕೂಲಿನ ಹುಡುಗ ಹುಡುಗಿಯರೂ ತಮ್ಮ ಮನೆಯವರಿಗೆ ಹೇಳಿಕೊಡಬಹುದಾದ ಕ್ರಮಗಳು.

ಬೇರೆ ರೋಗಗಳಲ್ಲಿಯೂ ವಿಚಾರದ ದಾರಿ ಇದೇ. 1998–99ರಲ್ಲಿ ಮಲೇಷ್ಯದಲ್ಲಿ ನಿಪಾ ವೈರಸ್ಸು ಹಣ್ಣು ತಿನ್ನುವ ಬಾವಲಿಗಳಿಂದ ಹಂದಿಗಳಿಗೆ, ಹಂದಿಗಳಿಂದ ಸಾಕುವವರಿಗೆ ದಾಟಿತು. ಹಣ್ಣಿನ ಮರಗಳ ಬಳಿಯಲ್ಲಿಯೇ ಹಂದಿಗಳ ಸಾಕಣೆ ನಡೆದುದು ಅದಕ್ಕೆ ಬಾಗಿಲು ತೆರೆದಿತ್ತು. ವೈರಸ್ಸು ಎಲ್ಲಿ ಬಾಳುತ್ತದೆ, ಯಾರು ಅದನ್ನು ಹೊರುತ್ತಾರೆ, ಬಾಗಿಲು ತೆರೆದವರು ಯಾರು – ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದರೆ ದಾರಿ ತಿಳಿಯುತ್ತದೆ. ನಮ್ಮ ಮಲೆನಾಡಿನ ರೋಗದಲ್ಲಿ ಮೊದಲನೆಯದಕ್ಕೆ ಉತ್ತರ ಕಾಡಿನ ಇಲಿಗಳು, ಎರಡನೆಯದಕ್ಕೆ ಉಣುಗು. ಮೂರನೆಯದಕ್ಕೆ ಮಂಗನ ಹೆಸರು ಹೇಳುವುದು ನ್ಯಾಯವಲ್ಲ.