ಬಣವೆ ಅದೇ, ಬೆಳಕು ಬೇರೆ: ಮೋನೆ ಚಿತ್ರಗಳ ಗುಟ್ಟೇನು?

ಗೋಧಿ ಬಣವೆಗಳನ್ನೇ ಸುಮಾರು 25 ಬಾರಿ ಬಿಡಿಸಿದರೆ ನೋಡುವವರಿಗೆ ಬೇಸರವಾಗುವುದಿಲ್ಲವೇ? ಫ್ರಾನ್ಸ್‌ನ ಕಲಾವಿದ ಕ್ಲಾಡ್ ಮೋನೆ 1890-91ರಲ್ಲಿ ಜಿವರ್ನಿಯ ತಮ್ಮ ಮನೆ ಬಳಿಯ ಹೊಲದಲ್ಲಿ ಮಾಡಿದ್ದು ಇದನ್ನೇ. ಹಲವು ಕ್ಯಾನ್ವಾಸ್‌ಗಳನ್ನು ಜತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬದಿಗಿಟ್ಟು ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ನೆರಳಿಗೆ ಅವರು ಬಳಸಿದ್ದು ಕಪ್ಪಲ್ಲ, ನೀಲಿ ಮತ್ತು ನೇರಳೆ. ಕಾರಣವಿದೆ. ಹಿಮದ ಮೇಲಿನ ನೆರಳಿಗೆ ನೇರ ಬಿಸಿಲು ತಾಗುವುದಿಲ್ಲ; ಅಲ್ಲಿಗೆ ತಲುಪುವುದು ಹೆಚ್ಚಾಗಿ ಆಕಾಶದ ನೀಲಿ ಬೆಳಕು. ಹಾಗಾಗಿಯೇ ಹಿಮದ ಬಣವೆ ಚಳಿ ಹುಟ್ಟಿಸುತ್ತದೆ, ಸಂಜೆಯ ಕೆಂಪು ಬಣವೆ ಬೆಚ್ಚಗೆನಿಸುತ್ತದೆ. ಚಿತ್ರದಲ್ಲಿ ಮನುಷ್ಯರಿಲ್ಲ, ಭಾವವನ್ನು ಹೊರುವುದು ಬೆಳಕೇ.

1891ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ 15 ಬಣವೆ ಚಿತ್ರಗಳು ಒಟ್ಟಿಗೆ ಪ್ರದರ್ಶನಗೊಂಡವು. ಬಳಿಕ ಅವು ಮಾರಾಟವಾಗಿ ಚದುರಿದವು. ಒಂದೊಂದೇ ನೋಡಿದರೆ ಅದು ಬರೀ ಬಣವೆ. ಪಕ್ಕಪಕ್ಕ ಇಟ್ಟಾಗಲೇ ಹೊತ್ತು ಸರಿದದ್ದು ಕಾಣುವುದು. ಆ ಅವಕಾಶ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ: ಅಲ್ಲಿನ ಸಂಗ್ರಹದಲ್ಲಿ ಈ ಸರಣಿಯ ಆರು ಚಿತ್ರಗಳಿವೆ.