ಜರಾಯು: ರಕ್ತದ ಓಟಕ್ಕೆ ಕಡಿವಾಣ

ಹೆರಿಗೆಯಾದ ಮೇಲೆ ಹೊರಬೀಳುವ ಮಾಸನ್ನು ಹೂತು ಮರೆತುಬಿಡುತ್ತೇವೆ. ಸುಮಾರು 500 ಗ್ರಾಂ ತೂಗುವ ಈ ಜರಾಯುವೇ ಅಲ್ಲಿಯವರೆಗೆ ಮಗುವಿನ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವೂ ಆಗಿತ್ತು.

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆಂದು ವಿದ್ಯಾರ್ಥಿಗಳು ಬರೆಯುವುದುಂಟು. ಅದು ತಪ್ಪು. ಮಗುವಿನ ರಕ್ತ ಜರಾಯುವಿನ ಕವಲೊಡೆದ ಅಂಕುರಗಳ ಒಳಗೆ ಹರಿಯುತ್ತದೆ. ತಾಯಿಯ ರಕ್ತ ಅವನ್ನು ಹೊರಗಿನಿಂದ ತೋಯಿಸುತ್ತದೆ. ದಿನ ತುಂಬುವ ಹೊತ್ತಿಗೆ ನಡುವಿನ ಪೊರೆ ಕೇವಲ ಕೆಲವು ಮೈಕ್ರಾನ್ ದಪ್ಪ; ಅಂಕುರಗಳ ಒಟ್ಟು ಮೇಲ್ಮೈ 10 ಚದರ ಮೀಟರಿಗೂ ಹೆಚ್ಚು. ಆಕ್ಸಿಜನ್ ವಿಸರಣೆಯಿಂದ ದಾಟಲು ಇವೆರಡೂ ಬೇಕು. ಜೊತೆಗೆ, ರಕ್ತ ನಿಧಾನವಾಗಿ ಹರಿಯಬೇಕು.

ಹೇಗೆ? ರಾಮನಗುಳಿಯ ಹೊಳೆಯನ್ನು ನೋಡಿ. ಮಾಗೋಡಿನಲ್ಲಿ ಬೇಡ್ತಿಯಾಗಿ ಧುಮುಕಿದ ನೀರೇ ಇಲ್ಲಿ ಗಂಗಾವಳಿಯಾಗಿ ಅಗಲ ಪಾತ್ರದಲ್ಲಿ ಸಾವಕಾಶ ಸಾಗುತ್ತದೆ (ಮಳೆಗಾಲದ ಮಾತು ಬೇರೆ!). ಹರಿವಿನ ಪ್ರಮಾಣ ಅಷ್ಟೇ ಇದ್ದು ದಾರಿಯ ಅಡ್ಡಕೊಯ್ತ ಹಿಗ್ಗಿದರೆ ವೇಗ ಇಳಿಯಲೇಬೇಕು. ಬಸಿರಿನ ಮೊದಲರ್ಧದಲ್ಲಿ ಜರಾಯುವಿನ ಕೋಶಗಳು ಗರ್ಭಕೋಶದ ಸುರುಳಿ ಅಪಧಮನಿಗಳೊಳಕ್ಕೆ ನುಗ್ಗಿ, ಅವುಗಳ ಸ್ನಾಯುಪದರವನ್ನು ಇಲ್ಲವಾಗಿಸಿ, ಬಾಯಿಯನ್ನು ಹಲವು ಪಟ್ಟು ಅಗಲಿಸುತ್ತವೆ. ಸೆಕೆಂಡಿಗೆ ಒಂದು ಮೀಟರಿಗೂ ಮಿಕ್ಕಿದ ವೇಗ ಸುಮಾರು 10 ಸೆಂಟಿಮೀಟರಿಗೆ ಇಳಿಯುತ್ತದೆಂದು ಲೆಕ್ಕಹಾಕಲಾಗಿದೆ.

ಈ ಅಗಲಿಕೆ ಅರ್ಧಕ್ಕೇ ನಿಂತರೆ ರಕ್ತ ಪಿಚಕಾರಿಯಂತೆ ಚಿಮ್ಮಿ ಅಂಕುರಗಳಿಗೆ ಪೆಟ್ಟಾಗುತ್ತದೆ. ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ನೊಂದ ಜರಾಯು ಹೊರಬಿಡುವ ಪ್ರೋಟೀನುಗಳು ತಾಯಿಯ ರಕ್ತನಾಳಗಳನ್ನೂ ಕೆಡಿಸುತ್ತವೆ. ಇದೇ ಪ್ರಿ-ಎಕ್ಲಾಂಪ್ಸಿಯಾ. ಮೊದಮೊದಲು ಬಸುರಿಗೆ ಏನೂ ಅನ್ನಿಸದಿರಬಹುದು. ಆದ್ದರಿಂದಲೇ ಪ್ರತಿ ತಪಾಸಣೆಯಲ್ಲೂ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾರೆ; ಅದು 140/90 ಮುಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.